ಮೈನಸ್ 15ರ ಚಳಿಯಲ್ಲಿ ಅಂಜೂರದ ಕಾಂಡ ಉಳಿಸುವುದು ಹೇಗೆ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಹಿತ್ತಲ ನೆಲದಲ್ಲೇ ನೆಟ್ಟ ಚಿಕಾಗೋ ಹಾರ್ಡಿ ತಳಿಯ ಅಂಜೂರ. ಚಳಿಗಾಲದ ರಾತ್ರಿಗಳಲ್ಲಿ ಮೈನಸ್ 15 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುತ್ತದೆ. ಗಿಡ ಬುಡದವರೆಗೆ ಒಣಗಿ, ಮೇ ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ಕಾಯಿಯೇನೋ ಕಚ್ಚುತ್ತದೆ, ಆದರೆ ಅಕ್ಟೋಬರ್ ಕೊನೆಯಾದರೂ ಎಲ್ಲ ಹಸಿರುಗಾಯಿ. ಪ್ಲಾಸ್ಟಿಕ್ ಸುತ್ತಿದರೆ ರೆಂಬೆಗಳು ಕಪ್ಪಾಗಿ ಕೊಳೆಯುತ್ತವೆ. ಪರಾಗಸ್ಪರ್ಶಕ್ಕೆ ಕಣಜ ಇಲ್ಲದ್ದಕ್ಕೆ ಹೀಗೋ?

ಉತ್ತರ 1: ಕಣಜದ ಚಿಂತೆ ಬಿಡಿ ಸರ್. ಅದು ಬೇಕಾಗುವುದು ಸ್ಮಿರ್ನಾ ಜಾತಿಗೆ. ಚಿಕಾಗೋ ಹಾರ್ಡಿ, ಬ್ರೌನ್ ಟರ್ಕಿ, ಸೆಲೆಸ್ಟ್‌ಗೆ ಬೇಡ. ನಿಮಗೆ ಸಾಲದಿರುವುದು ಸಮಯ. ಬುಡದಿಂದೆದ್ದ ಚಿಗುರು ಕಾಯಿ ಹಿಡಿಯುವಷ್ಟರಲ್ಲಿ ಆಗಸ್ಟ್ ಬಂದಿರುತ್ತದೆ, ಕಾಯಿ ಹಣ್ಣಾಗಲು ಎರಡೂವರೆ ಮೂರು ತಿಂಗಳು ಬೇಕು. ಎರಡು ಮೂರು ಅಡಿ ಹಳೇ ಕಾಂಡ ಉಳಿದರೂ ಕಾಯಿ ಎಷ್ಟೋ ವಾರ ಮುಂಚೆ ಬರುತ್ತದೆ.

ಎಲೆ ಉದುರಿ, ಒಂದೆರಡು ಹಗುರ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಆದ ಮೇಲೆ ಕಟ್ಟಿ. ಉಳಿದ ಹಸಿರುಗಾಯಿ ಪೂರ್ತಿ ಕಿತ್ತುಬಿಡಿ, ಮೊದಲು ಬೂಷ್ಟು ಹಿಡಿಯುವುದು ಅವಕ್ಕೇ. ರೆಂಬೆಗಳನ್ನು ಹಗ್ಗದಿಂದ ಒಂದೇ ಸಲ ಬಿಗಿಯಬೇಡಿ, ಸೀಳುತ್ತವೆ. ಎರಡು ಮೂರು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ. ಸುತ್ತ ಒಂದು ಅಡಿ ಜಾಗ ಬಿಟ್ಟು ಕೋಳಿಬಲೆಯ ಪಂಜರ ನಿಲ್ಲಿಸಿ ಒಣ ತರಗೆಲೆ ತುಂಬಿ. ಒದ್ದೆ ಎಲೆ ಖಂಡಿತ ಬೇಡ. ಹೊರಗೆ ಗೋಣಿತಾಟು, ನೆತ್ತಿಗೆ ಮಾತ್ರ ಟಾರ್ಪಾಲು. ಪ್ಲಾಸ್ಟಿಕ್ಕಿನೊಳಗೆ ಹಗಲು ಬಿಸಿಲಿಗೆ ಕಾದು ಬೆವರುತ್ತದೆ, ರಾತ್ರಿ ಆ ನೀರೇ ಹೆಪ್ಪುಗಟ್ಟುತ್ತದೆ. ನಿಮ್ಮ ರೆಂಬೆ ಕೊಳೆತದ್ದು ಹೀಗೆ. ಗಿಡ ಬೆಚ್ಚಗಿರುವುದಕ್ಕಿಂತ ಒದ್ದೆಯಾಗದಿರುವುದು ಮುಖ್ಯ.

ಉತ್ತರ 2: ತರಗೆಲೆ ತುಂಬುವ ಮೊದಲು ಬುಡಕ್ಕೆ ಕಾಲು ಇಂಚು ಕಣ್ಣಿನ ತಂತಿಜಾಲರಿ ಸುತ್ತಿ, ಎರಡು ಇಂಚು ಮಣ್ಣಿಗಿಳಿಸಿ. ಇಲ್ಲದಿದ್ದರೆ ಇಲಿಗಳು ಒಳಗೆ ಬೆಚ್ಚಗೆ ಕೂತು ಸುತ್ತಲೂ ತೊಗಟೆ ತಿಂದುಬಿಡುತ್ತವೆ.

ಬಿಚ್ಚುವುದು ಏಪ್ರಿಲ್ ಮಧ್ಯಕ್ಕೆ, ಮೋಡವಿರುವ ದಿನ. ಆಮೇಲೆ ಫ್ರಾಸ್ಟ್ ಸೂಚನೆಯಿದ್ದ ರಾತ್ರಿ ಹಳೇ ಬೆಡ್‌ಶೀಟ್ ಹೊದಿಸಿದರೆ ಸಾಕು. ಉಗುರಿನಿಂದ ತೊಗಟೆ ಕೆರೆದು ನೋಡಿ: ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಹಸಿರು ಸಿಗುವವರೆಗೂ ಕತ್ತರಿಸಿ. ಕೈಗೆ ಗ್ಲೌಸ್ ಇರಲಿ. ಅಂಜೂರದ ಹಾಲು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಬರುತ್ತದೆ. ಜೂನ್‌ನಲ್ಲಿ ಐದಾರು ಎಲೆ ಬಿಟ್ಟು ಕುಡಿ ಚಿವುಟಿ. ಜುಲೈ ನಂತರ ಸಾರಜನಕದ ಗೊಬ್ಬರ ಹಾಕಲೇಬೇಡಿ, ಎಳೇ ರೆಂಬೆ ಬಲಿಯದೆ ಚಳಿಗೆ ಸಿಗುತ್ತದೆ.

ಉತ್ತರ 3: ಇಷ್ಟೆಲ್ಲ ಕಟ್ಟಲಾಗದಿದ್ದರೆ ಒಂದು ಕಡ್ಡಿ ಬೇರೂರಿಸಿ ದೊಡ್ಡ ಕುಂಡದಲ್ಲಿ ಬೆಳೆಸಿ. ಎಲೆ ಉದುರಿದ ಮೇಲೆ ಹೀಟರ್ ಇಲ್ಲದ ಗ್ಯಾರೇಜಿಗೆ ಸೇರಿಸಿ, ಬೆಳಕು ಬೇಕಿಲ್ಲ. 0ರಿಂದ 5 ಡಿಗ್ರಿ ಒಳ್ಳೆಯದು. 10 ದಾಟಿದರೆ ಫೆಬ್ರವರಿಯಲ್ಲೇ ಚಿಗುರಿ ಸೊರಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಎರಡು ಲೋಟ ನೀರು ಹಾಕಿ. ಮಲಗಿದ ಗಿಡಕ್ಕೆ ನೀರೇಕೆ ಅಂತ ಬಿಟ್ಟರೆ ಬೇರು ಒಣಗಿ ಸಾಯುತ್ತದೆ.