ಸಹಾಯ ಬೇಕು: ಜರ್ಮನಿಯಲ್ಲಿದ್ದುಕೊಂಡು ಬೆಂಗಳೂರಿನ ಕಾಲೇಜಿನ ಮುಂದಿನ ಸೆಮಿಸ್ಟರ್‌ಗೆ ನೋಂದಣಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿನಿ. ವಿನಿಮಯ ಕಾರ್ಯಕ್ರಮದಡಿ ಐದನೇ ಸೆಮಿಸ್ಟರನ್ನು ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದೇನೆ. ಆರನೆಯದಕ್ಕೆ ನಮ್ಮ ಕಾಲೇಜಿನ ಪೋರ್ಟಲ್‌ನಲ್ಲಿ ಈಗಲೇ ನೋಂದಾಯಿಸಿಕೊಳ್ಳಬೇಕು.

ಐಚ್ಛಿಕ ವಿಷಯಗಳ ಸೀಟು ಮೊದಲು ಬಂದವರಿಗೆ. ನೋಂದಣಿ ಆರಂಭವಾಗುವುದು ಭಾರತದ ಬೆಳಿಗ್ಗೆ 9ಕ್ಕೆ. ಚಳಿಗಾಲವಾದ್ದರಿಂದ ಇಲ್ಲಿ ಆಗ ನಸುಕಿನ 4.30. ಎದ್ದು ಕೂರುವುದು ಕಷ್ಟವಲ್ಲ. ಆದರೆ ಒಟಿಪಿ ಬರುವುದು ಭಾರತದ ಸಿಮ್‌ಗೆ, ರೋಮಿಂಗ್‌ನಲ್ಲಿ ಅದು ತಲುಪುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಒಟಿಪಿಯನ್ನು ಇಮೇಲ್‌ಗೆ ಬದಲಿಸಿಕೊಂಡವರು ಇದ್ದೀರಾ? ಯಾರಿಗೆ ಅರ್ಜಿ ಕೊಟ್ಟಿರಿ?

ನನ್ನನ್ನು ನಿಜವಾಗಿ ಕಾಡುತ್ತಿರುವುದು ಇನ್ನೊಂದು. ಆರನೇ ಸೆಮಿಸ್ಟರ್‌ನ ಒಂದು ವಿಷಯಕ್ಕೆ ನಿಯಂತ್ರಣ ವ್ಯವಸ್ಥೆಗಳ ಪತ್ರಿಕೆಯಲ್ಲಿ ಉತ್ತೀರ್ಣಳಾಗಿರಬೇಕು. ಅದನ್ನು ಇಲ್ಲಿ ಓದುತ್ತಿದ್ದೇನೆ, ಪರೀಕ್ಷೆ ಫೆಬ್ರವರಿಯಲ್ಲಿ, ಅಂಕಪಟ್ಟಿ ಅದಕ್ಕೂ ತಡ. ಅಲ್ಲಿಯವರೆಗೆ ಪೋರ್ಟಲ್ ನನ್ನನ್ನು ಆ ವಿಷಯ ಓದದವಳೆಂದೇ ತೋರಿಸುತ್ತದೆ. ಕ್ರೆಡಿಟ್ ಲೆಕ್ಕವೂ ಬೇರೆ: ಯುರೋಪಿನ ಕಾಲೇಜುಗಳ ಸಾಮಾನ್ಯ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್‌ನ ಒಂದು ಕ್ರೆಡಿಟ್ ಎಂದರೆ ಮನೆಯ ಓದೂ ಸೇರಿ 25ರಿಂದ 30 ಗಂಟೆ, ನಮ್ಮಲ್ಲಿ ತರಗತಿಯ ಗಂಟೆಗಳೇ ಮುಖ್ಯ. ವಿಭಾಗದವರು ಕಾಯಲು ಹೇಳುತ್ತಾರೆ; ಕಾದರೆ ಸೀಟು ಉಳಿಯುವುದಿಲ್ಲ.

ಇಂಥ ಸಂದರ್ಭದಲ್ಲಿ ತಾತ್ಕಾಲಿಕ ನೋಂದಣಿ ಪಡೆದವರು ದಯವಿಟ್ಟು ತಿಳಿಸಿ. ಇಲ್ಲಿ ಯಾವ ವಿಷಯ ಓದುತ್ತೇನೆಂದು ಬರೆದು ಎರಡೂ ಕಡೆಯವರು ಸಹಿ ಮಾಡಿದ ಕಲಿಕಾ ಒಪ್ಪಂದ (ಲರ್ನಿಂಗ್ ಅಗ್ರಿಮೆಂಟ್) ನನ್ನ ಬಳಿ ಇದೆ. ಅಷ್ಟು ಸಾಕೇ, ಇಲ್ಲಿನ ಪ್ರಾಧ್ಯಾಪಕರ ಪತ್ರವೂ ಬೇಕೇ? ನೋಂದಣಿ ಮುಂದಿನ ಸೋಮವಾರ. ನಿಮ್ಮ ಅರ್ಜಿಯ ಮಾದರಿ ಕಳುಹಿಸಿದರೆ ತುಂಬಾ ಉಪಕಾರವಾಗುತ್ತದೆ.