ಬಾಗೇಪಲ್ಲಿ ಕಡೆಯ ಹಳ್ಳಿಮನೆಗೆ ಯಾವ ಕಂಪನಿಯ ಸಿಮ್ ಸೂಕ್ತ?

ಪ್ರಶ್ನೆ: ಪಾತಪಾಳ್ಯದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬಾಗೇಪಲ್ಲಿ ತಾಲ್ಲೂಕಿನ ಪಾತಪಾಳ್ಯದ ಕಡೆಗಿದೆ. ಕಲ್ಲು ಚಪ್ಪಡಿಯ ಹಳೆಯ ಮನೆ. ಹಿಂದೆ ಬಂಡೆಗುಡ್ಡ, ಆಂಧ್ರದ ಗಡಿಯೂ ದೂರವಿಲ್ಲ. ಇತ್ತೀಚೆಗೆ 5ಜಿ ಫೋನ್ ಕೊಂಡಿದ್ದೇನೆ. ಈಗಿರುವ ಸಿಮ್‌ಗೆ ಅಂಗಳದಲ್ಲಿ ಸಿಗ್ನಲ್ ಚೆನ್ನಾಗಿಯೇ ಇರುತ್ತದೆ, ನಡುಮನೆಗೆ ಬಂದೊಡನೆ ಮಾತು ತುಂಡುತುಂಡಾಗುತ್ತದೆ. ಸಂಜೆಯ ಹೊತ್ತು ಮಗಳ ಪಿಯುಸಿ ಪಾಠದ ವಿಡಿಯೊ ಸುತ್ತುತ್ತಲೇ ಇರುತ್ತದೆ. ಕಂಪನಿಯ ಹೆಸರು ಬೇಡ, ಪಕ್ಕದ ಊರಿನಲ್ಲಿ ಅದೇ ಕಂಪನಿಯನ್ನು ಹೊಗಳುವವರೂ ಇದ್ದಾರೆ. ನಂಬರ್ ಬ್ಯಾಂಕಿಗೂ ಆಧಾರ್‌ಗೂ ಜೋಡಣೆಯಾಗಿರುವುದರಿಂದ ಬದಲಾಗಬಾರದು. ಅತ್ತೆಯವರ ಕೀಪ್ಯಾಡ್ ಫೋನಿಗೂ ಅದೇ ಕಂಪನಿಯ ಸಿಮ್ ಹಾಕಿಸಿದರೆ ರೀಚಾರ್ಜ್ ನೋಡಿಕೊಳ್ಳುವುದು ಸುಲಭವಾದೀತೆಂಬ ಯೋಚನೆಯೂ ಇದೆ. ಯಾವ ಕಂಪನಿಗೆ ಹೋಗುವುದು ಒಳ್ಳೆಯದು, ದಯವಿಟ್ಟು ತಿಳಿಸಿ.

ಉತ್ತರ: ಕೋಲಾರದ ನಿವೃತ್ತ ದೂರವಾಣಿ ಎಂಜಿನಿಯರ್

ಮೇಡಂ, ನಿಮ್ಮ ಊರಿನ ಮೊಬೈಲ್ ಗೋಪುರ ಯಾರದು, ಅದು ಯಾವ ತರಂಗಾಂತರದಲ್ಲಿ (ಫ್ರೀಕ್ವೆನ್ಸಿಯಲ್ಲಿ) ಕೆಲಸ ಮಾಡುತ್ತಿದೆ ಎಂಬುದು ತಿಳಿಯದೆ ಕಂಪನಿಯ ಹೆಸರು ಹೇಳುವುದು ಕಣ್ಣುಮುಚ್ಚಿ ಹೇಳಿದಂತಾಗುತ್ತದೆ. ಅಂಗಳದಲ್ಲಿ ಸಿಕ್ಕು ನಡುಮನೆಯಲ್ಲಿ ಸಿಗದಿರುವುದಕ್ಕೆ ಬಹುಮಟ್ಟಿಗೆ ತರಂಗಾಂತರವೇ ಕಾರಣ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಾಂತರಗಳು ದೂರಕ್ಕೂ ಹೋಗುತ್ತವೆ, ಗೋಡೆಯನ್ನೂ ಒಂದಿಷ್ಟು ದಾಟುತ್ತವೆ. 2300 ಅಥವಾ 3500 ಮೆಗಾಹರ್ಟ್ಸ್‌ನದು ವೇಗ ಹೆಚ್ಚು, ಆದರೆ ದಪ್ಪ ಕಲ್ಲುಗೋಡೆಯೆದುರು ಬೇಗ ಸೋಲುತ್ತದೆ. ಜಿಯೊ 4ಜಿಗೆ 850, 1800, 2300ನ್ನೂ 5ಜಿಗೆ 700 ಮತ್ತು 3500ನ್ನೂ ಬಳಸುತ್ತದೆ. ಏರ್‌ಟೆಲ್‌ನ ಬಳಿ 900 ಇದೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ, 2025ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಉದ್ಘಾಟನೆಯಾದದ್ದು, 700 ಮತ್ತು 2100ರಲ್ಲಿ ನಡೆಯುತ್ತದೆ. ಆದರೆ ಕಂಪನಿಯ ಬಳಿ ತರಂಗಾಂತರ ಇದ್ದಮಾತ್ರಕ್ಕೆ ನಿಮ್ಮೂರಿನ ಗೋಪುರದಲ್ಲಿ ಅದನ್ನು ಹಾಕಿರುತ್ತಾರೆಂದು ಹೇಳಲಾಗದು. ನಿಮ್ಮ ಫೋನ್ ಕೂಡ ಅದನ್ನು ಹಿಡಿಯುವಂತಿರಬೇಕು: 700 ಮೆಗಾಹರ್ಟ್ಸ್‌ನ 4ಜಿಗೆ ಬೇಕಾದ 28ನೇ ಬ್ಯಾಂಡ್ (ಆ ತರಂಗಾಂತರಕ್ಕೆ ಕೊಟ್ಟಿರುವ ಸಂಖ್ಯೆ) ಕೆಲವು ಫೋನ್‌ಗಳಲ್ಲಿ ಇರುವುದಿಲ್ಲ. ಫೋನಿನ ಪೆಟ್ಟಿಗೆಯ ಮೇಲೋ ತಯಾರಕರ ಜಾಲತಾಣದಲ್ಲೋ ಬ್ಯಾಂಡ್‌ಗಳ ಪಟ್ಟಿ ಸಿಗುತ್ತದೆ, ಅದನ್ನೊಮ್ಮೆ ನೋಡಿಕೊಳ್ಳಿ.

ಇನ್ನೊಂದು ಮಾತು. ಪರದೆಯ ಮೇಲಿನ ಗೆರೆಗಳನ್ನು ಎಣಿಸಿ ಎರಡು ಕಂಪನಿಗಳನ್ನು ಹೋಲಿಸಬೇಡಿ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ ‘ಫೋನ್ ಬಗ್ಗೆ’ ಎಂಬಲ್ಲಿ ಸಿಮ್ ಸ್ಥಿತಿಯನ್ನು ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ; ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. 4ಜಿಯಲ್ಲಿ ಮೈನಸ್ 90ರ ಆಸುಪಾಸಿನಲ್ಲಿದ್ದರೆ ನೆಮ್ಮದಿ, ಮೈನಸ್ 110ಕ್ಕಿಂತ ಕೆಳಗಿಳಿದರೆ ಮಾತು ತುಂಡಾಗುವುದು ಸಹಜ. ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಮಗಳು ಓದುವ ಜಾಗದಲ್ಲಿ ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಉತ್ತರ: ಚಿಕ್ಕಬಳ್ಳಾಪುರದ ಮೊಬೈಲ್ ಅಂಗಡಿಯವರು

ಸರ್ ಹೇಳಿದ್ದೆಲ್ಲ ಸರಿಯೇ. ಆದರೂ ಬ್ಯಾಂಡ್ ನೋಡಿ ಸಿಮ್ ಆರಿಸುವ ಗಿರಾಕಿ ನಮ್ಮ ಅಂಗಡಿಗೆ ಬರುವುದು ಅಪರೂಪ. ನಾನು ಹೇಳುವ ದಾರಿ ಇನ್ನೂ ಸರಳವಾದದ್ದು. ಪೋರ್ಟ್ ಮಾಡಿಸುವ, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸುವ ಮೊದಲು ಬೇರೆ ಕಂಪನಿಯ ಹೊಸ ಸಿಮ್ ಒಂದನ್ನು ಚಿಕ್ಕ ರೀಚಾರ್ಜ್‌ನೊಂದಿಗೆ ಕೊಂಡು ಎರಡನೆಯ ಸ್ಲಾಟ್‌ನಲ್ಲಿ ಹಾಕಿ ನೋಡಿ, ಅಥವಾ ಬೇರೆ ಸಿಮ್ ಇರುವ ನೆಂಟರು ಮನೆಗೆ ಬಂದಾಗ ಅವರ ಫೋನಿನಿಂದಲೇ ನಡುಮನೆಯಲ್ಲಿ ಕೂತು ಮಾತನಾಡಿ ನೋಡಿ. ಬೆಳಗಿನ ಹೊತ್ತಿನ ಪರೀಕ್ಷೆ ಸಾಲದು, ರಾತ್ರಿ ಎಂಟರಿಂದ ಒಂಬತ್ತರ ನಡುವೆಯೂ ನೋಡಬೇಕು. ಸಿಗ್ನಲ್ ತುಂಬಿದ್ದೂ ವಿಡಿಯೊ ಸುತ್ತುತ್ತಿದ್ದರೆ ಬಹುಮಟ್ಟಿಗೆ ಆ ಗೋಪುರವನ್ನು ಒಂದೇ ಹೊತ್ತಿಗೆ ಬಳಸುವವರು ಹೆಚ್ಚಾಗಿದ್ದಾರೆಂದೇ ಅರ್ಥ, ಅದಕ್ಕೆ ಫೋನ್ ಬದಲಾಯಿಸಿ ಪ್ರಯೋಜನವಿಲ್ಲ. ಕಂಪನಿಗಳು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸೂಚನೆಯಂತೆ ತಮ್ಮ ಜಾಲತಾಣಗಳಲ್ಲಿ ವ್ಯಾಪ್ತಿಯ ನಕ್ಷೆ ಹಾಕಿವೆ. ನೋಡಿ, ಆದರೆ ನಿಮ್ಮ ಚಪ್ಪಡಿ ಗೋಡೆ ಆ ನಕ್ಷೆಯಲ್ಲಿಲ್ಲ.

ನಂಬರ್ ಬಗ್ಗೆ ಚಿಂತೆ ಬೇಡ. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರನ್ನು 1900ಕ್ಕೆ ಎಸ್‌ಎಂಎಸ್ ಮಾಡಿದರೆ ಎಂಟು ಅಕ್ಷರಗಳ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಆ ಕೋಡ್‌ಗೆ 4 ದಿನಗಳ ಆಯುಸ್ಸು. ಅಷ್ಟರೊಳಗೆ ಆಧಾರ್‌ನೊಂದಿಗೆ ಅಂಗಡಿಗೆ ಬಂದರೆ 3 ಕೆಲಸದ ದಿನಗಳಲ್ಲಿ ಬದಲಾವಣೆ ಮುಗಿಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಪೂರೈಸಿರಬೇಕು. 2024ರ ಜುಲೈಯಿಂದ ಬಂದ ನಿಯಮದ ಪ್ರಕಾರ, ಸಿಮ್ ಕಳೆದೋ ಹಾಳಾಗಿಯೋ ಹೊಸದು ಪಡೆದಿದ್ದರೆ 7 ದಿನ ಕೋಡ್ ಸಿಗುವುದಿಲ್ಲ. ಹಳೆಯ ಪ್ಲಾನ್‌ನಲ್ಲಿ ಉಳಿದ ದಿನಗಳು ಹೊಸ ಕಂಪನಿಗೆ ಬರುವುದಿಲ್ಲವಾದ್ದರಿಂದ ವ್ಯಾಲಿಡಿಟಿ ಮುಗಿಯುವ ವಾರದಲ್ಲಿ ಬನ್ನಿ, ಬ್ಯಾಂಕಿನ ದೊಡ್ಡ ವ್ಯವಹಾರವನ್ನು ಆ ದಿನಗಳಲ್ಲಿ ಇಟ್ಟುಕೊಳ್ಳಬೇಡಿ.

ದರದ ವಿಷಯದಲ್ಲಿ ಒಂದೇ ಎಚ್ಚರ: 28 ದಿನಗಳ ಪ್ಲಾನ್ ತಿಂಗಳ ಪ್ಲಾನ್ ಅಲ್ಲ, ವರ್ಷಕ್ಕೆ 13 ಸಲ ಹಾಕಿಸಬೇಕಾಗುತ್ತದೆ.

ಪಾತಪಾಳ್ಯದ ಶಿಕ್ಷಕಿ

ಇಬ್ಬರಿಗೂ ಧನ್ಯವಾದಗಳು. ಈಗಿನ ಸಿಮ್‌ಗೆ ನಡುಮನೆಯಲ್ಲಿ ಮೈನಸ್ 116 ತೋರಿಸುತ್ತಿದೆ. ಬರೆಯಲು ಮರೆತ ಒಂದು ಸಂಗತಿಯಿದೆ. ಕೆಲವೊಮ್ಮೆ ಸಿಗ್ನಲ್ ಪಕ್ಕದಲ್ಲಿ ರೋಮಿಂಗ್ ಗುರುತು ಬಂದು, ಕರೆ ಹೋಗುತ್ತಿದ್ದರೂ ಇಂಟರ್ನೆಟ್ ಪೂರ್ತಿ ನಿಂತುಹೋಗುತ್ತದೆ. ಮನೆಯಲ್ಲೇ ಕೂತಿದ್ದರೆ ರೋಮಿಂಗ್ ಹೇಗೆ?

ಉತ್ತರ: ಪಾವಗಡದ ಓದುಗರು

ಮೇಡಂ, ಇದು ನಮಗೆ ನಿತ್ಯದ ಅನುಭವ. ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಸುತ್ತ ಬಹುಪಾಲು ಆಂಧ್ರವೇ ಇದೆ. ದೂರಸಂಪರ್ಕದ ಲೆಕ್ಕದಲ್ಲಿ ಕರ್ನಾಟಕ ಒಂದು ವಲಯ, ಆಂಧ್ರ ಇನ್ನೊಂದು. ಕರ್ನಾಟಕದ ಗೋಪುರ ಸಿಗದಷ್ಟು ಕ್ಷೀಣವಾದಾಗ ಫೋನ್ ಗಡಿಯಾಚೆಯ ಗೋಪುರವನ್ನು ಹಿಡಿಯುತ್ತದೆ, ಆಗ ಡೇಟಾ ರೋಮಿಂಗ್ ಸ್ವಿಚ್ ಆಫ್ ಆಗಿದ್ದರೆ ಇಂಟರ್ನೆಟ್ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿಡಿ. ಈಗಿನ ಸಾಮಾನ್ಯ ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲಿ ದೇಶದೊಳಗಿನ ರೋಮಿಂಗ್‌ಗೆ ಬೇರೆ ಹಣವಿಲ್ಲ.

ಉತ್ತರ: ಕೋಲಾರದ ನಿವೃತ್ತ ದೂರವಾಣಿ ಎಂಜಿನಿಯರ್

ಪಾವಗಡದವರ ಮಾತಿಗೆ ಇಷ್ಟನ್ನು ಸೇರಿಸುತ್ತೇನೆ. ಆಂಧ್ರದ ಗೋಪುರದ ಮೇಲಿದ್ದಾಗಲೂ ಫೋನ್ ಆಗಾಗ ತನ್ನ ವಲಯದ ಗೋಪುರಕ್ಕಾಗಿ ಹುಡುಕುತ್ತಿರುತ್ತದೆ, ಅಂಥ ಜಾಗಗಳಲ್ಲಿ ಬ್ಯಾಟರಿ ಬೇಗ ಇಳಿಯುವುದಕ್ಕೆ ಇದೂ ಒಂದು ಕಾರಣ. ಮೈನಸ್ 116 ಇರುವಲ್ಲಿ ಸ್ವಿಚ್ ಒತ್ತಿ ಸಮಾಧಾನ ಸಿಗದು; ಕಂಪನಿ ಬದಲಾಯಿಸುವುದೇ ಸರಿ. ಹೊಸ ಸಿಮ್ ನಡುಮನೆಯಲ್ಲಿ ಮೈನಸ್ 100ರ ಆಸುಪಾಸು ತೋರಿಸಿ, ರಾತ್ರಿಯೂ ವಿಡಿಯೊ ನಡೆದರೆ ಹೆಸರು ಯಾವುದೇ ಆಗಿರಲಿ, ಅದಕ್ಕೇ ಪೋರ್ಟ್ ಆಗಿ. ಯಾವುದೂ ಗೋಡೆ ದಾಟದಿದ್ದರೆ, ಊರಿಗೆ ಫೈಬರ್ ಬಂದಿದ್ದಲ್ಲಿ ಮನೆಗೆ ವೈಫೈ ಹಾಕಿಸಿ, ಅದರ ಮೂಲಕವೇ ಮಾತನಾಡುವ ವೈಫೈ ಕಾಲಿಂಗ್ ಬಳಸಬಹುದು.

ಅತ್ತೆಯವರ ಸಿಮ್ಮನ್ನು ಮಾತ್ರ ನಿಮ್ಮದರ ಜೊತೆ ಕಟ್ಟಿಹಾಕಬೇಡಿ. ಜಿಯೊಗೆ 2ಜಿ ಜಾಲವೇ ಇಲ್ಲವಾದ್ದರಿಂದ ಹಳೆಯ 2ಜಿ ಕೀಪ್ಯಾಡ್ ಫೋನಿನಲ್ಲಿ ಅದರ ಸಿಮ್ ನಡೆಯದು. ಅವರಿಗೆ 2ಜಿ ಇರುವ ಕಂಪನಿಯೇ ಬೇಕು, ಇಲ್ಲವೇ 4ಜಿ ಕೀಪ್ಯಾಡ್ ಫೋನ್ ಕೊಡಿಸಬೇಕು. ಟ್ರಾಯ್ ನಿಯಮದಂತೆ 2025ರಿಂದ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನ್‌ಗಳು ಬಂದಿವೆ. ಅಂಗಡಿಯಲ್ಲಿ ಅದನ್ನೇ ಹೆಸರಿಸಿ ಕೇಳಿ.