ಗೆಳತಿಯರ ಜೊತೆ ಎರಡು ಗಂಟೆ ಮಾತು, ಮನೆಗೆ ಬಂದರೆ "ಏನಿಲ್ಲ": ನಿಮಗೂ ಹೀಗಾಗಿತ್ತಾ?

ಕಿಟಕಿ_ಪಕ್ಕದ_ಸೀಟು (ಪ್ರಶ್ನೆ)

ನಾನು ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಮನೆಯಿಂದಲೇ ಕಾಲೇಜಿಗೆ ಹೋಗಿಬರುತ್ತೇನೆ. ಬಸ್ಸಿನಲ್ಲಿ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ. ಮನೆಯಲ್ಲಿ ಅಪ್ಪ, ಅಮ್ಮ, ಒಂಬತ್ತನೇ ಕ್ಲಾಸಿನ ತಮ್ಮ, ಅಜ್ಜಿ. ಕಾಲೇಜಿನಲ್ಲಿ ನನ್ನನ್ನೂ ಸೇರಿಸಿ ನಾವು ನಾಲ್ಕು ಜನ ಗೆಳತಿಯರು. ನನ್ನವರು ಅಂತ ಇರುವುದು ಇಷ್ಟೇ ಜನ. ಇಷ್ಟು ಜನರಿಗೂ ಸರಿಯಾಗಿ ಟೈಮ್ ಕೊಡಲು ನನ್ನ ಕೈಲಿ ಆಗುತ್ತಿಲ್ಲ.

ಹೋದ ಮಂಗಳವಾರ ನಡೆದದ್ದನ್ನು ಹೇಳುತ್ತೇನೆ. ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಅವತ್ತಿಗೆ ಒಂಬತ್ತು ದಿನ. ದಿನಕ್ಕೆ ನಾಲ್ಕು ಸಲ ಎರಡೆರಡು ಬಗೆಯ ಡ್ರಾಪ್ಸ್ ಹಾಕಬೇಕು. ಬೆಳಗ್ಗೆ ಅಪ್ಪ ಹಾಕುತ್ತಾರೆ. ಮಧ್ಯಾಹ್ನ ಪಕ್ಕದ ಮನೆಯ ಆಂಟಿ ಬಂದು ಹಾಕುತ್ತಾರೆ. ಅಮ್ಮ ಕೆಲಸದಿಂದ ಬರುವುದು ರಾತ್ರಿ ಎಂಟಕ್ಕೆ, ಹಾಗಾಗಿ ಮಲಗುವ ಮುಂಚಿನದು ಅಮ್ಮನದು. ಸಂಜೆ ಆರೂವರೆಯದು ನನ್ನ ಪಾಲು. ಯಾರೂ ಹೊರಿಸಿದ್ದಲ್ಲ, ನಾನೇ ಕೇಳಿ ತೆಗೆದುಕೊಂಡದ್ದು. ತಮ್ಮ ಮನೆಯಲ್ಲೇ ಇರುತ್ತಾನೆ, ಆದರೆ ಅವನ ಕೈ ನಡುಗುತ್ತದೆ. ಬಾಟಲಿ ಕಣ್ಣಿಗೆ ತಗುಲಿಸಿಬಿಡ್ತಾನೆ ಅಂತ ಅಜ್ಜಿಗೆ ಭಯ.

ಅವತ್ತು ಕೊನೆಯ ಕ್ಲಾಸು ಮೂರೂ ಮುಕ್ಕಾಲಿಗೆ ಮುಗಿಯಿತು. ದಿನಾ ಒಂದು ಗಂಟೆ ಲೈಬ್ರರಿ ಮೆಟ್ಟಿಲ ಮೇಲೆ ಕೂತು ಮಾತಾಡಿ, ನಾಲ್ಕೂ ಮುಕ್ಕಾಲರ ಬಸ್ಸು ಹಿಡಿಯುತ್ತೇನೆ. ಆರಕ್ಕೆ ಮನೆ. ಆದರೆ ಅವತ್ತು ಇಂಟರ್ನಲ್ಸ್ ಮಾರ್ಕ್ಸ್ ಹಾಕಿದ್ದರು. ನಮ್ಮ ನಾಲ್ವರಲ್ಲಿ ಒಬ್ಬಳಿಗೆ ತುಂಬ ಕಡಿಮೆ ಬಂದಿತ್ತು. ಅವಳು ಲ್ಯಾಬ್ ಹಿಂದಿನ ಸಿಮೆಂಟ್ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಅಳುತ್ತಿರಲಿಲ್ಲ. ಮಡಿಲಲ್ಲಿದ್ದ ಬ್ಯಾಗಿನ ಜಿಪ್ ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು, ಅಷ್ಟೇ. ಅರ್ಧ ಗಂಟೆ ಅದೊಂದೇ ಸದ್ದು. ಆಮೇಲೆ ಮಾತು ಶುರುವಾಯಿತು. ಮನೆಯಲ್ಲಿ ಹೇಗೆ ಹೇಳುವುದು, ಕೋರ್ಸ್ ಬಿಟ್ಟುಬಿಡಲಾ, ನಾನು ಯಾವುದಕ್ಕೂ ಬರುವುದಿಲ್ಲ ಅಂತೆಲ್ಲ. ಅಂಥ ಹೊತ್ತಲ್ಲಿ ಎದ್ದು ಬರಲು ನನಗೆ ಆಗಲಿಲ್ಲ. ಈಗ ಕೇಳಿದರೂ ಅವತ್ತು ಕೂತದ್ದು ಸರಿ ಅಂತಲೇ ಹೇಳುತ್ತೇನೆ.

ಆದರೆ ಫೋನ್ ಕ್ಲಾಸಿನಿಂದಲೂ ಸೈಲೆಂಟಿನಲ್ಲೇ ಇತ್ತು. ಆರೂವರೆಯ ಬಸ್ಸು ಸಿಕ್ಕಿತು. ಮನೆ ಮುಟ್ಟಿದಾಗ ಏಳೂ ಮುಕ್ಕಾಲು.

ಅಜ್ಜಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಎರಡೂ ಬಾಟಲಿ ಮುಷ್ಟಿಯಲ್ಲಿ. ನಾನು ಈಸಿಕೊಂಡಾಗ ಅವು ಬೆಚ್ಚಗಿದ್ದವು. ಅಷ್ಟು ಹೊತ್ತು ಹಿಡಿದುಕೊಂಡೇ ಕೂತಿದ್ದಾಳೆ. ಬೈಯಲಿಲ್ಲ. "ಬಂದ್ಯಾ? ಬಸ್ಸು ಸಿಗಲಿಲ್ವಾ ಪಾಪ" ಅಂದಳು. ನಾನು "ಹೂಂ" ಅಂದೆ.

ಆ "ಹೂಂ" ಇವತ್ತಿಗೂ ಚುಚ್ಚುತ್ತಿದೆ.

ಎಂಟಕ್ಕೆ ಅಮ್ಮ ಬಂದು "ಇವತ್ತು ಏನಾಯ್ತು ಕಾಲೇಜಲ್ಲಿ?" ಅಂದರು. "ಏನಿಲ್ಲ" ಅಂದೆ. ದಿನಾ ಇದೇ ಪ್ರಶ್ನೆ, ದಿನಾ ಇದೇ ಉತ್ತರ. ನನಗೆ ಅಮ್ಮನ ಮೇಲೆ ಕೋಪ ಇಲ್ಲ. ಮುಚ್ಚಿಡುವಂಥದ್ದೂ ಏನಿಲ್ಲ. ಮನೆಗೆ ಬರುವಷ್ಟರಲ್ಲಿ ಮಾತೆಲ್ಲ ಖಾಲಿಯಾಗಿರುತ್ತದೆ. ಆಮೇಲೆ ಹತ್ತಕ್ಕೆ ಓದಲು ಕೂತರೆ ಒಂದೂವರೆ. ಬೆಳಗ್ಗೆ ಐದೂ ಮುಕ್ಕಾಲಿಗೆ ಏಳಬೇಕು.

ಕ್ಲಾಸು ಮುಗಿದ ತಕ್ಷಣ ಹೊರಟುಬಿಡಲಾ? ಆ ಒಂದು ಗಂಟೆಯನ್ನು ಮನೆಗೆ ಕೊಡಲಾ? ಹೀಗೆ ದಿನಾ ಓಡಾಡಿ ಓದಿದವರು ಹೇಗೆ ನಿಭಾಯಿಸಿದಿರಿ, ದಯವಿಟ್ಟು ಹೇಳಿ.

ಹಳೇ_ಬಸ್_ಪಾಸ್

ಆ ಒಂದು ಗಂಟೆಯನ್ನು ಮಾತ್ರ ಬಿಡಬೇಡ. ನಾನೂ ಮೂರು ವರ್ಷ ಹೀಗೇ ಓಡಾಡಿದವನು. ಮೊದಲ ವರ್ಷ ಬೆಲ್ ಆದ ತಕ್ಷಣ ಬಸ್ ಸ್ಟಾಪಿಗೆ ಓಡುತ್ತಿದ್ದೆ. ಒಳ್ಳೆಯ ಮಗ ಅನ್ನಿಸಿಕೊಂಡೆ, ನಿಜ. ಆದರೆ ವರ್ಷದ ಕೊನೆಗೆ ನನಗೆ ಹುಷಾರಿಲ್ಲದೆ ಹತ್ತು ದಿನ ಮಲಗಿದಾಗ ಕ್ಲಾಸಿನಿಂದ ಒಂದು ಫೋನೂ ಬರಲಿಲ್ಲ. ಅವರ ತಪ್ಪಲ್ಲ. ಅವರಿಗೆ ನನ್ನ ಮುಖ ಗೊತ್ತಿತ್ತು, ನಾನು ಗೊತ್ತಿರಲಿಲ್ಲ.

ಸ್ನೇಹಕ್ಕೆ ಗಂಟೆಗಳು ಬೇಕು. ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಸಂಶೋಧಕರು 2018ರಲ್ಲಿ ಇದರ ಬಗ್ಗೆ ಬರೆದರು. ಪರಿಚಯ ಅನ್ನುವುದು ಮಾಮೂಲಿ ಸ್ನೇಹ ಆಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ತುಂಬ ಹತ್ತಿರದ ಸ್ನೇಹ ಆಗಲು 200 ಗಂಟೆಗೂ ಜಾಸ್ತಿ ಬೇಕು ಅಂತ ಅವರಿಗೆ ಕಂಡಿತು. ಅದರಲ್ಲೂ ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗಿಂತ ಸುಮ್ನೆ ಕೂತು ಹರಟಿದ ಗಂಟೆಗಳೇ ಜಾಸ್ತಿ ಕೆಲಸ ಮಾಡುತ್ತವೆ. ನಿನ್ನ ಲೈಬ್ರರಿ ಮೆಟ್ಟಿಲಿನ ಲೆಕ್ಕ ಹಾಕು. ದಿನಕ್ಕೊಂದು ಗಂಟೆ ಅಂದರೆ 200 ಗಂಟೆಗೆ 200 ಕಾಲೇಜು ದಿನ. ನೀನು ಅಷ್ಟು ದಿನ ಕೂತಿದ್ದಕ್ಕೇ ಆ ಹುಡುಗಿ ನಿನ್ನ ಮುಂದೆ ಬಾಯಿಬಿಟ್ಟಳು.

ನಿನ್ನ ತಪ್ಪು ಕೂತದ್ದಲ್ಲ, ಫೋನ್ ಮಾಡದೆ ಇದ್ದದ್ದು. ಬೆಂಚಿನ ಮೇಲೆ ಕೂತಲ್ಲಿಂದಲೇ ತಮ್ಮನಿಗೆ "ನಾನು ಲೇಟು, ಆಂಟಿಯನ್ನು ಕರಿ" ಅಂತ ಒಂದು ಮೆಸೇಜ್ ಹಾಕಿದ್ದರೆ ಸಾಕಿತ್ತು. ಸ್ವಲ್ಪ ಕಟುವಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರುವವರು ನಮ್ಮ ಮನೆಯಲ್ಲೂ ಒಬ್ಬರಿದ್ದರು, ಅದಕ್ಕೇ ಹೇಳಿದೆ.

ಮುಚ್ಚಿದ_ಪುಸ್ತಕ

ನನಗೆ ನಿನ್ನ ಓದಿನ ಟೈಮ್ ಕಂಡು ಭಯವಾಯಿತು. ಒಂದೂವರೆಯಿಂದ ಐದೂ ಮುಕ್ಕಾಲು ಅಂದರೆ ನಾಲ್ಕೂಕಾಲು ಗಂಟೆ ನಿದ್ದೆ. ನಮ್ಮ ವಯಸ್ಸಿನವರಿಗೆ ಕನಿಷ್ಠ ಏಳು ಗಂಟೆ ಬೇಕು. ಮಾತೆಲ್ಲ ಖಾಲಿ ಅಂತ ಬರೆದಿದ್ದೀಯಲ್ಲ, ನನಗನ್ನಿಸುವುದು ಅದು ಅರ್ಧಕ್ಕರ್ಧ ನಿದ್ದೆಗೇಡು. ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದೂ ನಿದ್ದೆಯಲ್ಲೇ. ನಿದ್ದೆ ಕೊಟ್ಟು ಓದು ತಗೊಂಡರೆ ಓದೂ ನಿಲ್ಲುವುದಿಲ್ಲ.

ನಾನು ಮಾಡಿದ್ದು ಇಷ್ಟು. ಬಸ್ಸಿನಲ್ಲಿ ಪುಸ್ತಕ ತೆರೆಯುವುದಿಲ್ಲ. ತೆರೆದರೆ ತಲೆ ಸುತ್ತುತ್ತದೆ. ಕಣ್ಣಿನ ಮುಂದೆ ಪುಟ ನಿಂತಿರುತ್ತದೆ, ಕಿವಿಯೊಳಗಿನ ಭಾಗಕ್ಕೆ ಬಸ್ಸು ಅಲುಗುವುದು ಗೊತ್ತಾಗುತ್ತಿರುತ್ತದೆ, ಎರಡೂ ಹೊಂದುವುದಿಲ್ಲ. ಅದಕ್ಕೆ ಕಿಟಕಿ ಹೊರಗೆ ನೋಡುತ್ತ ಅವತ್ತಿನ ಮೊದಲ ಕ್ಲಾಸಿನಿಂದ ನೆನಪು ಮಾಡಿಕೊಳ್ಳುತ್ತ ಬರುತ್ತೇನೆ. ಏನು ಹೇಳಿದರು, ಬೋರ್ಡಿನ ಮೇಲೆ ಯಾವ ಚಿತ್ರ ಬರೆದರು, ಆ ಸೂತ್ರ ಎಲ್ಲಿಂದ ಬಂತು. ನೆನಪಾಗದೆ ಎಲ್ಲಿ ಸಿಕ್ಕಿಹಾಕಿಕೊಂಡೆ ಅನ್ನುವುದನ್ನು ಮಾತ್ರ ಫೋನಿನಲ್ಲಿ ಬರೆದಿಡುತ್ತೇನೆ. ರಾತ್ರಿ ಅಷ್ಟನ್ನೇ ಓದುತ್ತೇನೆ.

ಇದು ನನ್ನ ಸ್ವಂತ ಉಪಾಯ ಅಂದುಕೊಂಡಿದ್ದೆ, ಅಲ್ಲವಂತೆ. ಕಲಿತದ್ದು ಹೇಗೆ ಬೇಗ ಬೇಗ ಮರೆತುಹೋಗುತ್ತದೆ ಅಂತ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ 1885ರಲ್ಲೇ ತೋರಿಸಿದ್ದ. ತನ್ನ ಮೇಲೇ ಪ್ರಯೋಗ ಮಾಡಿಕೊಂಡಿದ್ದ. ಮರೆವು ಮೊದಲ ಗಂಟೆಗಳಲ್ಲೇ ತುಂಬ ಜೋರು. ಆಮೇಲೆ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳನ್ನೇ ಪರೀಕ್ಷಿಸಿ ನೋಡಿದರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿ ಮುಚ್ಚಿಟ್ಟು ನೆನಪಿನಿಂದ ಬರೆದವರಿಗೆ ಒಂದು ವಾರ ಆದ ಮೇಲೆ ಜಾಸ್ತಿ ನೆನಪಿತ್ತು. ಐದು ನಿಮಿಷ ಕಳೆದ ಮೇಲೆ ಕೇಳಿದಾಗ ಮಾತ್ರ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಅದಕ್ಕೇ ನಮಗೆಲ್ಲ ಮೋಸವಾಗುವುದು. ಓದುವಾಗ ಎಲ್ಲ ಬರುತ್ತದೆ ಅನ್ನಿಸುತ್ತದೆ, ಪರೀಕ್ಷೆಯ ದಿನ ಬರುವುದಿಲ್ಲ.

ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲಿ ಕೂರುತ್ತೀಯ. ಬರುವಾಗಿನ ಒಂದು ಗಂಟೆಯನ್ನು ಹೀಗೆ ಬಳಸಿದರೂ ನೀನು ಹನ್ನೊಂದೂವರೆಗೆ ಮಲಗಬಹುದು.

ಕಿಟಕಿ_ಪಕ್ಕದ_ಸೀಟು

@ಮುಚ್ಚಿದ_ಪುಸ್ತಕ ನಾಳೆಯಿಂದಲೇ ಮಾಡಿ ನೋಡುತ್ತೇನೆ. ಈಗ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಸುಮ್ನೆ ಕೂರುತ್ತೇನೆ, ಅದೂ ರೆಸ್ಟ್ ಅನ್ನಿಸುವುದಿಲ್ಲ. @ಹಳೇ_ಬಸ್_ಪಾಸ್ ನೀವು ಹೇಳಿದ್ದು ಕಟು ಅಲ್ಲ, ಸರಿ. ಫೋನ್ ಬಗ್ಗೆ ನನಗೆ ಅವತ್ತು ಹೊಳೆಯಲೇ ಇಲ್ಲ. ಆದರೆ ಅಮ್ಮನ ಜೊತೆ ಮಾತು ಬರುವುದಿಲ್ಲವಲ್ಲ, ಅದಕ್ಕೆ ಏನು ಮಾಡಲಿ?

ಬಾಗಿಲು_ತೆಗೆಯುವವಳು

ನನಗೆ ಕಾಲೇಜಿಗೆ ಹೋಗುವ ಮಗ ಇದ್ದಾನೆ. ಅವನದೂ "ಏನಿಲ್ಲ". ಎರಡು ವರ್ಷ ಕೇಳಿದ್ದೇನೆ ಆ ಮಾತನ್ನು. ನೀನು ಈ ಕಡೆಯಿಂದ ಬರೆದಿದ್ದೀಯ, ನಾನು ಆ ಕಡೆಯಿಂದ ಹೇಳುತ್ತೇನೆ.

ನಮಗೆ ನಿಮ್ಮ ಕಾಲೇಜಿನ ವರದಿ ಬೇಕಾಗಿಲ್ಲ. ಇಡೀ ದಿನ ನೀವು ಎಲ್ಲಿದ್ದಿರಿ, ಯಾರ ಪಕ್ಕ ಕೂತಿರಿ, ಮುಖ ಯಾಕೆ ಸಪ್ಪಗಿದೆ ಅಂತ ಗೊತ್ತಾಗದೆ ಒಂದು ಕಡೆ ಖಾಲಿ ಅನ್ನಿಸುತ್ತದೆ. ಆದರೆ ಕೇಳುವುದು ಮಾತ್ರ "ಇವತ್ತು ಏನಾಯ್ತು" ಅಂತ. ಅಷ್ಟು ದೊಡ್ಡ ಪ್ರಶ್ನೆಗೆ ಸುಸ್ತಾಗಿ ಬಂದವರು ಏನು ಅಂತ ಉತ್ತರ ಕೊಡುತ್ತಾರೆ? ಒಂದು ದಿನ ನಾನು "ಸೀಟು ಸಿಕ್ತಾ?" ಅಂತ ಕೇಳಿದೆ. ಅವನು ಸೀಟಿನ ವಿಷಯ ಶುರು ಮಾಡಿ, ಪಕ್ಕ ಕೂತವರ ವಿಷಯಕ್ಕೆ ಬಂದು, ಅಲ್ಲಿಂದ ತನ್ನ ಸ್ನೇಹಿತನ ಅಣ್ಣನ ಮದುವೆಯವರೆಗೆ ಹೋದ. ನಿನ್ನ ಅಮ್ಮ ಪ್ರಶ್ನೆ ಬದಲಾಯಿಸುವವರೆಗೆ ಕಾಯಬೇಡ. ನೀನೇ ಒಂದು ಚಿಕ್ಕ ಸಂಗತಿ ಹೇಳು. ಆ ಜಿಪ್ಪಿನ ಸದ್ದು ಇದೆಯಲ್ಲ, ಅಷ್ಟು ಹೇಳಿದರೂ ಸಾಕು. ಮಿಕ್ಕಿದ್ದನ್ನು ಅವರೇ ಕೇಳುತ್ತಾರೆ.

ಇನ್ನೊಂದು, ಡ್ರಾಪ್ಸ್ ವಿಷಯ. ನಮ್ಮ ಅತ್ತೆಗೂ ಇದೇ ಆಪರೇಷನ್ ಆಗಿತ್ತು, ಒಂದು ತಿಂಗಳು ನಾನೇ ಹಾಕಿದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು, ನಿಮಗೂ ಹೇಳಿರುತ್ತಾರೆ. ಕಣ್ಣಲ್ಲಿ ಒಂದು ಹನಿಗೇ ಸರಿಯಾಗಿ ಜಾಗ ಇರುವುದಿಲ್ಲ. ತಕ್ಷಣ ಇನ್ನೊಂದು ಹಾಕಿದರೆ ಅದು ಮೊದಲನೆಯದನ್ನು ತೊಳೆದುಕೊಂಡು ಹೊರಗೆ ಬಂದುಬಿಡುತ್ತದೆ. ಹಾಕಿದ ಮೇಲೆ ಕಣ್ಣು ಮೆಲ್ಲಗೆ ಮುಚ್ಚಿಕೊಂಡಿರಲು ಹೇಳು, ಹಿಂಡಿ ಮುಚ್ಚುವುದು ಬೇಡ. ಪಟಪಟ ಮಿಟುಕಿಸುವುದೂ ಬೇಡ. ಬಾಟಲಿಯ ತುದಿ ರೆಪ್ಪೆಗೆ ತಾಗದಿರಲಿ.

ನೀನು ಆ ಐದು ನಿಮಿಷ ಏನು ಮಾಡುತ್ತೀಯ? ಫೋನ್ ನೋಡುತ್ತೀಯ ಅಲ್ವಾ? ನಾನೂ ಹಾಗೇ ಮಾಡುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಒಂದು ದಿನ "ಇದ್ದೀಯಾ?" ಅಂದರು. ಪಕ್ಕದಲ್ಲೇ ಇದ್ದೆ! ಅವತ್ತಿನಿಂದ ಫೋನ್ ಬೇರೆ ಕೋಣೆಯಲ್ಲಿಟ್ಟು ಬರುತ್ತಿದ್ದೆ. ಅಜ್ಜಿಗೆ ಆ ಮಂಗಳವಾರದ ವಿಷಯ ಹೇಳಬೇಕು ಅಂತ ಇದ್ದರೆ ಆ ಐದು ನಿಮಿಷದಲ್ಲಿ ಹೇಳು. ಅವರಿಗೆ ನಿನ್ನ ಮುಖ ಕಾಣುವುದಿಲ್ಲ, ಹೇಳುವುದು ಸುಲಭ ಆಗುತ್ತದೆ.

ಕಿಟಕಿ_ಪಕ್ಕದ_ಸೀಟು

ಎರಡು ವಾರ ಆಯಿತು. ನೀವೆಲ್ಲ ಅಷ್ಟು ಬರೆದಿರಿ, ಏನಾಯಿತು ಅಂತ ಹೇಳದೆ ಇರಲು ಮನಸ್ಸಾಗಲಿಲ್ಲ.

ಮಾರನೇ ದಿನವೇ ಅಜ್ಜಿಗೆ ಹೇಳಿಬಿಟ್ಟೆ. ಮೊದಲ ಹನಿ ಹಾಕಿ, ಅವಳು ಕಣ್ಣು ಮುಚ್ಚಿದ ಮೇಲೆ. ಬಸ್ಸು ಇತ್ತು ಅಜ್ಜಿ, ನಾನೇ ಹತ್ತಲಿಲ್ಲ ಅಂದೆ. ಬೆಂಚು, ಮಾರ್ಕ್ಸ್, ಜಿಪ್ಪು, ಎಲ್ಲ ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮಗು ಮನೇಲಿ ಹೇಳಿದ್ಲಾ?" ಅಂದಳು. ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಮಾರನೇ ದಿನ ಮೆಟ್ಟಿಲ ಮೇಲೆ ಕೂತಾಗ ಕೇಳಿದೆ. ಹೇಳಿರಲಿಲ್ಲ. ಅಜ್ಜಿ ಕೇಳ್ತಿದ್ದಾಳೆ ಅಂದೆ. ಅವಳಿಗೆ ಕಣ್ಣು ತುಂಬಿ ಬಂತು. ಎರಡು ದಿನ ಬಿಟ್ಟು ಮನೆಯಲ್ಲಿ ಹೇಳಿದಳು. ಬೈದರಂತೆ, ಆಮೇಲೆ ಅವಳ ಅಪ್ಪನೇ ಪುಸ್ತಕ ತೆಗೆದು ಪಕ್ಕದಲ್ಲಿ ಕೂತರಂತೆ. ಅದನ್ನೂ ಬಂದು ಅಜ್ಜಿಗೆ ಹೇಳಿದೆ.

ಈಗ ಅಜ್ಜಿಗೆ ನನ್ನ ಮೂವರು ಗೆಳತಿಯರ ಹೆಸರೂ ಗೊತ್ತು. ಯಾರು ದಿನಾ ಲೇಟಾಗಿ ಬರುತ್ತಾರೆ, ಯಾರ ಕೈಬರಹ ಚೆನ್ನ, ಎಲ್ಲ ಗೊತ್ತು.

ಅಮ್ಮನ ಜೊತೆ ಅಷ್ಟು ಸುಲಭವಾಗಲಿಲ್ಲ. ಎರಡು ಮೂರು ದಿನ ಮತ್ತೆ "ಏನಿಲ್ಲ" ಅಂತಲೇ ಬಾಯಿಗೆ ಬಂತು. ಒಂದು ರಾತ್ರಿ ಅಮ್ಮ ಬ್ಯಾಗು ಕೆಳಗಿಡುವಾಗ ನಾನೇ "ನಿಮಗೆ ಇವತ್ತು ಸೀಟು ಸಿಕ್ತಾ?" ಅಂತ ಕೇಳಿದೆ. ಅಮ್ಮ ನನ್ನನ್ನೇ ನೋಡಿದರು. ಅವರು ಅವತ್ತು ಇಡೀ ದಾರಿ ನಿಂತುಕೊಂಡೇ ಬಂದಿದ್ದರು. ಕೂರಿಸಿ, ಪಾದದ ಹತ್ತಿರ ಕೂತು ಕಾಲು ಒತ್ತಿದೆ. ಮಾತು ಕಡಿಮೆಯೇ ಆಡಿದೆವು. ಇದನ್ನು ನಾನು ಎಷ್ಟು ದಿನದಿಂದ ಕೇಳಿರಲಿಲ್ಲ ಅಂತ ಆಮೇಲೆ ಮಲಗಿದಾಗ ಅನ್ನಿಸಿತು.

ಬಸ್ಸಿನಲ್ಲಿ ನೆನಪು ಮಾಡಿಕೊಳ್ಳುವುದು ಮೊದಲ ವಾರ ಕಷ್ಟವಾಯಿತು, ಎರಡನೇ ಕ್ಲಾಸಿಗೆ ಬರುವಷ್ಟರಲ್ಲಿ ನಿದ್ದೆ. ಈಗ ಪರವಾಗಿಲ್ಲ. ಹನ್ನೆರಡರೊಳಗೆ ಮಲಗುತ್ತಿದ್ದೇನೆ. ಗುರುವಾರ ಲ್ಯಾಬ್ ಐದರವರೆಗೆ, ಅವತ್ತು ಹೇಗೂ ಲೇಟು. ಅದಕ್ಕೆ ತಮ್ಮನಿಗೆ ಹೇಳಿಕೊಟ್ಟೆವು. ಖಾಲಿ ಬಾಟಲಿಯಲ್ಲಿ ನೀರು ತುಂಬಿ, ತನ್ನ ಅಂಗೈಯಲ್ಲಿ ಪೆನ್ನಿನಿಂದ ಚುಕ್ಕೆ ಹಾಕಿಕೊಂಡು, ಅದರ ಮೇಲೆ ಒಂದೊಂದೇ ಹನಿ ಬೀಳಿಸಿ ಅಭ್ಯಾಸ ಮಾಡಿದ. ಹೋದ ಗುರುವಾರ ಅವನೇ ಹಾಕಿದ್ದು. ಅಜ್ಜಿ ಅಲುಗಾಡದೆ ಕೂತಿದ್ದಳಂತೆ.

ಮೊನ್ನೆ ಚೆಕಪ್ ಆಯಿತು. ಒಂದು ಬಾಟಲಿ ನಿಲ್ಲಿಸಿದರು. ಈಗ ಒಂದೇ ಬಗೆಯ ಹನಿ, ಐದು ನಿಮಿಷ ಕಾಯುವ ಅಗತ್ಯ ಇಲ್ಲ. ನಿನ್ನೆ ಸಂಜೆ ಹನಿ ಹಾಕಿ, ಮುಚ್ಚಳ ತಿರುಗಿಸಿ ಏಳಲು ಹೋದೆ. ಅಜ್ಜಿ ಕಣ್ಣು ತೆರೆಯಲಿಲ್ಲ. "ಎಲ್ಲಿಗೆ ಹೊರಟೆ? ಕೂತ್ಕೊ, ಆ ಹುಡುಗಿ ಕತೆ ಎಲ್ಲಿಗೆ ಬಂತು ಹೇಳು" ಅಂದಳು. ಕೂತೆ.